ಕುದುರೆ ಲಾಯದಲ್ಲಿ ಬಿರುಕು ಬಿಟ್ಟ ಹಿತ್ತಾಳೆ

ಬಂದೂಕು ಹಾರಿದ ಮೇಲೆ ಒಂದು ಖಾಲಿ ಹಿತ್ತಾಳೆ ಕೇಸ್ ಆಚೆ ಬೀಳುತ್ತಲ್ಲ, ಇವತ್ತು ಅದರ ಕತೆ. ಅಮೆರಿಕದಲ್ಲಿ ಬಹಳಷ್ಟು ಹವ್ಯಾಸಿಗಳು ಅದನ್ನು ಆರಿಸಿ, ತೊಳೆದು, ಮತ್ತೆ ಮದ್ದು ತುಂಬಿ ಬಳಸುತ್ತಾರೆ. ತೊಳೆಯೋಕೆ ಟಂಬ್ಲರ್ ಅನ್ನೋ ಯಂತ್ರ. ಚೆನ್ನೈನಲ್ಲಿರೋರು ಕಾಫಿ ನೆನೆಸ್ಕೋಬೇಡಿ, ಇದು ಕೇಸುಗಳನ್ನು ಉರುಳಿಸೋ ಡಬ್ಬ. ಯಾವ ಟಂಬ್ಲರ್ ಕೊಳ್ಳಬೇಕು ಅಂತ ಅಲ್ಲಿ ಮುಗಿಯದ ವಾದ. ಆ ವಾದದ ಒಂದು ಬೇರು ನಮ್ಮ ದೇಶದ ಮಳೆಗಾಲದಲ್ಲಿದೆ.

1857ರ ಎನ್‌ಫೀಲ್ಡ್ ತೋಟಾ ಕಾಗದದ್ದು. ಅದರ ಕೊಬ್ಬಿನ ಗಲಾಟೆ ಶಾಲೆಯಲ್ಲೇ ಓದಿದ್ದೇವೆ. ಹತ್ತು ವರ್ಷ ಕಳೆಯೋದರೊಳಗೆ, 1866ರಲ್ಲಿ, ಬ್ರಿಟಿಷ್ ಅಧಿಕಾರಿ ಎಡ್ವರ್ಡ್ ಬಾಕ್ಸರ್ ಹಿತ್ತಾಳೆ ತಗಡು ಸುತ್ತಿದ ತೋಟಾ ತಂದ. ಅದೇ ವರ್ಷ ಅಮೆರಿಕದ ಹೈರಮ್ ಬರ್ಡನ್ ಬೇರೆ ಬಗೆಯ ಪ್ರೈಮರ್‌ಗೆ ಪೇಟೆಂಟ್ ಪಡೆದ. ತಮಾಷೆ ನೋಡಿ, ಇಂಗ್ಲಿಷಿನವನ ವಿನ್ಯಾಸ ಅಮೆರಿಕದಲ್ಲಿ ನೆಲೆಯಾಯ್ತು, ಅಮೆರಿಕದವನದು ಯುರೋಪಿನಲ್ಲಿ. ಬಾಕ್ಸರ್ ಪ್ರೈಮರ್ ಇರೋ ಕೇಸಿನ ತಳದಲ್ಲಿ ನಡುಮಧ್ಯೆ ಒಂದೇ ತೂತು, ಪಿನ್ನಿನಿಂದ ತಳ್ಳಿದರೆ ಹಳೇ ಪ್ರೈಮರ್ ಆಚೆ. ಬರ್ಡನ್‌ನದರಲ್ಲಿ ಪಕ್ಕಕ್ಕೆ ಸಣ್ಣ ತೂತುಗಳು, ತೆಗೆಯೋದು ತಲೆನೋವು. ಮರುತುಂಬುವ ಹವ್ಯಾಸ ಅಮೆರಿಕದಲ್ಲಿ ಅಷ್ಟು ಬೆಳೆಯೋಕೆ ಇದೂ ಒಂದು ಕಾರಣ.

ಆಮೇಲೆ ಕೇಸನ್ನು ಒಂದೇ ತುಂಡು ಹಿತ್ತಾಳೆಯಿಂದ ಎಳೆದು ಮಾಡೋದು ಶುರುವಾಯ್ತು. 70 ಭಾಗ ತಾಮ್ರ, 30 ಭಾಗ ಸತು. ಬಿಲ್ಲೆಯನ್ನು ಬಟ್ಟಲಾಗಿ ಒತ್ತಿ, ಹಂತ ಹಂತವಾಗಿ ಉದ್ದಕ್ಕೆ ಎಳೆಯೋದು. ಪುಣೆಯವರಿಗೆ ಗೊತ್ತಿರೋ ಖಡಕಿಯ ಮದ್ದುಗುಂಡು ಕಾರ್ಖಾನೆ 1869ರದ್ದು. ತಣ್ಣಗೆ ಎಳೆದಷ್ಟೂ ಹಿತ್ತಾಳೆ ಗಟ್ಟಿಯಾಗುತ್ತೆ, ಒಳಗೆ ಬಿಗಿತ ಉಳಿಯುತ್ತೆ.

ಆ ಬಿಗಿತವೇ ಕೈಕೊಟ್ಟಿತು. ಭಾರತದಲ್ಲಿ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕಾರ್ಯಾಚರಣೆ ಕಡಿಮೆ ಮಾಡಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ನಿಂತ ಮೇಲೆ ತೆಗೆದರೆ, ಗುಂಡನ್ನು ಹಿಡಿದಿರೋ ಕುತ್ತಿಗೆಯ ಹತ್ತಿರ ಬಿರುಕು! ಯಾರೂ ಮುಟ್ಟಿಲ್ಲ, ಹಾರಿಸಿಲ್ಲ. ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತ ಹೆಸರು ಬಿತ್ತು. ಕಾರಣವನ್ನು 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಅನ್ನೋ ಮೂವರು ವಿವರಿಸಿದರು: ಕುದುರೆ ಮೂತ್ರದ ಅಮೋನಿಯಾ, ಜೊತೆಗೆ ಲೋಹದೊಳಗಿನ ಬಿಗಿತ. ಎರಡೂ ಸೇರಿದಾಗಲೇ ಬಿರುಕು. ಲೋಹವನ್ನು ಹದವಾಗಿ ಕಾಯಿಸಿ ಬಿಗಿತ ಬಿಡಿಸಿದರೆ, ಅಂದರೆ ಅನೀಲಿಂಗ್ ಮಾಡಿದರೆ, ಸಮಸ್ಯೆ ತಪ್ಪುತ್ತೆ.

ಇದಕ್ಕೂ ಟಂಬ್ಲರಿಗೂ ಏನು ಸಂಬಂಧ? ಕೆಲವು ಹಿತ್ತಾಳೆ ಪಾಲಿಶ್‌ಗಳಲ್ಲಿ ಅಮೋನಿಯಾ ಇರುತ್ತೆ. ಬೇಗ ಹೊಳಪು ಬರಲಿ ಅಂತ ಅದನ್ನು ಟಂಬ್ಲರಿಗೆ ಸುರಿದರೆ, ಲಾಯದ ಕೆಲಸವನ್ನೇ ಮನೆಯಲ್ಲಿ ಮಾಡಿದ ಹಾಗೆ. ರೈಫಲ್ ಕೇಸ್ ತಡೆಯಬೇಕಾದ ಒತ್ತಡ ಚದರ ಇಂಚಿಗೆ 50,000 ಪೌಂಡ್ ಆಸುಪಾಸು, ಅದೂ ಹಾರಿಸುವವನ ಮುಖದ ಪಕ್ಕದಲ್ಲೇ.

ಇನ್ನು ಯಂತ್ರದ ಆಯ್ಕೆ. ಒಣ ಬಗೆಯದು ಅಲುಗಾಡುವ ಬೋಗುಣಿ, ಅದರೊಳಗೆ ಪುಡಿ ಮಾಡಿದ ಆಕ್ರೋಟ ಚಿಪ್ಪು ಅಥವಾ ಮೆಕ್ಕೆಜೋಳದ ದಿಂಡು. ಅಗ್ಗ, ಸುಲಭ. ಆದರೆ ಪ್ರೈಮರಿನ ಸೀಸ ಆ ಧೂಳಿನಲ್ಲಿ ಸೇರಿರುತ್ತೆ, ಮನೆಯೊಳಗೆ ಜರಡಿ ಹಿಡಿಯೋದು ಕೆಟ್ಟ ಯೋಚನೆ. ಒದ್ದೆ ಬಗೆಯದು ಉರುಳುವ ಪೀಪಾಯಿ: ನೀರು, ಪಾತ್ರೆ ಸೋಪು, ಸೂಜಿಯಂಥ ಸ್ಟೀಲ್ ತುಂಡುಗಳು, ಚಿಟಿಕೆ ಸಿಟ್ರಿಕ್ ಆ್ಯಸಿಡ್. ನಮ್ಮಮ್ಮಂದಿರು ದೀಪಕ್ಕೆ ಹುಣಸೆಹಣ್ಣು ಹಚ್ಚೋದೂ ಇದೇ ಲೆಕ್ಕ, ಹುಳಿ ಕಿಲುಬನ್ನು ಕರಗಿಸುತ್ತೆ. ಹುಳಿ ಜಾಸ್ತಿಯಾದರೆ ಸತು ಬಿಟ್ಟುಹೋಗಿ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಒಳಭಾಗವೂ ಸ್ವಚ್ಛವಾಗುತ್ತೆ, ಧೂಳು ಏಳಲ್ಲ. ಒಣಗಿಸೋ ಕೆಲಸ, ಸೀಸ ಬೆರೆತ ಕೊಳೆನೀರು ಮಾತ್ರ ಉಳಿಯುತ್ತೆ. ಮನೆಯಲ್ಲಿ ಮಕ್ಕಳಿದ್ದರೆ ನನ್ನ ಓಟು ಒದ್ದೆಯದಕ್ಕೆ. ಕನ್ನಡಿಯಂಥ ಹೊಳಪು ಬರೀ ಶೋಕಿ. ಡೈ ಗೀರಾಗದಷ್ಟು ಮಣ್ಣು, ಮಸಿ ಹೋದರೆ ಸಾಕು. (ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು ಅಪರಾಧ, ಆದ್ದರಿಂದ ಇದು ಕೇಳೋಕೆ ಮಾತ್ರ.)

ಸೇನೆಯ ತೋಟಾ ಫೋಟೋ ಸಿಕ್ಕರೆ ಕುತ್ತಿಗೆ ಹತ್ತಿರ ನೋಡಿ, ನೀಲಿ-ಕಂದು ಕಲೆ ಇರುತ್ತೆ. ಅದು ಕೊಳೆಯಲ್ಲ, ಅನೀಲಿಂಗ್ ಬಿಟ್ಟ ಗುರುತು. ಟಂಬ್ಲರಿನಲ್ಲಿ ಒಂದೆರಡು ಗಂಟೆ ಉರುಳಿದರೆ ಕಲೆ ಹೋಗುತ್ತೆ, ಅನೀಲಿಂಗ್‌ಗೆ ಏನೂ ಆಗಲ್ಲ.