ಆರು ವಾರದ ಗಡುವು, ಕನ್ನಡದ ಬ್ರೌಸರು

ಫೈರ್‌ಫಾಕ್ಸ್ 3 ಬಂದದ್ದು 2008ರ ಜೂನ್‌ನಲ್ಲಿ, 3.5 ಬರಲು ಒಂದು ವರ್ಷ ಹಿಡಿಯಿತು. 2011ರಲ್ಲಿ ಮೊಜಿಲ್ಲಾ ಆರು ವಾರಕ್ಕೊಂದು ಆವೃತ್ತಿಯ ಪದ್ಧತಿಗೆ ಬದಲಾಯಿತು. 2020ರಿಂದ ನಾಲ್ಕೇ ವಾರ. ಬೇಗ ಬಂದರೆ ಒಳ್ಳೆಯದೆಂಬ ವಾದವನ್ನು ನಾನೂ ಒಪ್ಪುತ್ತೇನೆ. ಆದರೆ ಈ ಬ್ರೌಸರನ್ನು ಕನ್ನಡಕ್ಕೆ ತಂದವರು ಬಿಡುವಿನಲ್ಲಿ ಕೂತು ಅನುವಾದಿಸಿದ ಸ್ವಯಂಸೇವಕರು. ಗಡುವಿನೊಳಗೆ ಮುಗಿಯದ ಸಾಲು ಇಂಗ್ಲಿಷಿನಲ್ಲೇ ಉಳಿಯುತ್ತದೆ. ಹಾಗೆ ಉಳಿಯುವುದು ಹಳೆಯ ‘ಉಳಿಸು’, ‘ಮುಚ್ಚು’ಗಳಲ್ಲ, ಪಾಸ್‌ವರ್ಡು, ಖಾಸಗಿತನಗಳ ಬಗೆಗಿನ ಹೊಸ ಎಚ್ಚರಿಕೆಗಳು. ಶಹಾಪುರ, ಸುರಪುರಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಯಾದಗಿರಿಯ ಕಾಲೇಜಿಗೆ ಬರುವ ನಮ್ಮ ಹುಡುಗ ಹುಡುಗಿಯರಿಗೆ ತಿಳಿಯಲೇಬೇಕಾದದ್ದು ಅವೇ. ಕಚೇರಿಗಳಿಗೆ, ಶಾಲೆಗಳಿಗೆ ಈ ಓಟ ತಾಳದೆಂದು 2012ರಲ್ಲಿ ಸುಮಾರು ಒಂದು ವರ್ಷ ನಿಲ್ಲುವ ‘ಇಎಸ್‌ಆರ್’ ಆವೃತ್ತಿ ತಂದರು. ಕನ್ನಡದ ಅನುವಾದಕರಿಗೆ ಮುಂದಿನ ಆವೃತ್ತಿಯ ಗಡುವು ಇದ್ದೇ ಇತ್ತು.