ಪುಟದಿಂದ ಗೋಡೆಗೆ: ಮಕ್ಕಳ ಪುಸ್ತಕಗಳ ದೇಶಭಕ್ತಿ ಚಿತ್ರಗಳು ಮತ್ತು ಕ್ಯಾನ್ವಾಸ್ ಮುದ್ರಣ

ಹಳೆಯ ಮಕ್ಕಳ ಪುಸ್ತಕಗಳಲ್ಲಿದ್ದ ದೇಶಭಕ್ತರ ಚಿತ್ರಗಳು ಈಗ ಕ್ಯಾನ್ವಾಸ್ ಮೇಲೆ ಅಚ್ಚಾಗಿ ಮನೆ, ಶಾಲೆ, ಕಚೇರಿಗಳ ಗೋಡೆ ಸೇರುತ್ತಿವೆ. ಅಂಗೈಯಗಲದ ಚಿತ್ರ ಮೂರಡಿಗೆ ಹಿಗ್ಗುವಾಗ ಅದರ ಪಕ್ಕದಲ್ಲಿದ್ದ ಕಥೆ, ಬಿಡಿಸಿದವರ ಹೆಸರು, ಅಚ್ಚಾದ ವರ್ಷ ಮೂರೂ ಕಳಚಿ ಬೀಳುತ್ತವೆ. ಇವನ್ನು ಉಳಿಸಿಕೊಂಡ ಪ್ರತಿಯಷ್ಟೇ ಸಂಶೋಧನೆಗೆ ಆಕರವಾಗಬಲ್ಲದು ಎಂಬುದು ಈ ಲೇಖನದ ವಾದ.

ಕನ್ನಡದಲ್ಲಿ ಇಂಥ ಚಿತ್ರಗಳ ಎರಡು ದೊಡ್ಡ ಕಣಜಗಳಿವೆ. ಮೊದಲನೆಯದು ಅಮರ ಚಿತ್ರಕಥೆ ಮಾಲೆ. ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ. ಕೆ. ಅನಂತರಾಮ್ 1965ರಲ್ಲಿ ಕನ್ನಡ ಚಿತ್ರಕಥೆಗಳನ್ನು ಹೊರತಂದರು. ಮೊದಲ ಹತ್ತು ಸಂಖ್ಯೆಗಳನ್ನು ಕನ್ನಡಕ್ಕೆ ಬಿಟ್ಟುಕೊಟ್ಟದ್ದರಿಂದ ಅಮರ ಚಿತ್ರಕಥೆಯ ಇಂಗ್ಲಿಷ್ ಮಾಲೆ 11ನೆಯ ಸಂಖ್ಯೆಯ ‘ಕೃಷ್ಣ’ದಿಂದ ಆರಂಭವಾಯಿತು. ಅದರ ಸಂಪಾದಕ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ‘ಕೃಷ್ಣ’ದ ಚಿತ್ರಗಾರ ರಾಮ್ ವಾಯೀರ್ಕರ್. ಎರಡನೆಯದು ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ–ಭಾರತಿ ಪುಸ್ತಕ ಸಂಪದ’. ಎಲ್. ಎಸ್. ಶೇಷಗಿರಿ ರಾವ್ ಅವರ ಸಂಪಾದಕತ್ವದಲ್ಲಿ 1970ರ ದಶಕದಿಂದ ಬಂದ ಈ ಮಾಲೆಯಲ್ಲಿ 510 ಕಿರುಪುಸ್ತಕಗಳಿವೆ.

ಮಕ್ಕಳ ಪುಸ್ತಕಗಳ ಬರಹಗಾರರು ನೆನಪಿನಲ್ಲಿ ಉಳಿದಂತೆ ಚಿತ್ರಗಾರರು ಉಳಿದಿಲ್ಲ. ವಿಜಯಪುರ ಸೀಮೆಯಲ್ಲಿ ಮಕ್ಕಳ ಸಾಹಿತ್ಯದ ಮಾತು ಬಂದರೆ ಶಂ. ಗು. ಬಿರಾದಾರ, ಚಡಚಣದ ಸಿಂಪಿ ಲಿಂಗಣ್ಣ ಮುಂತಾದ ಹೆಸರುಗಳು ಕೂಡಲೇ ನಾಲಗೆಗೆ ಬರುತ್ತವೆ. ಅವರ ಕಾಲದ ಪುಸ್ತಕಗಳಿಗೆ ಚಿತ್ರ ಬಿಡಿಸಿದವರ ಹೆಸರು ಹಾಗೆ ಬರುವುದಿಲ್ಲ.

ಚಿತ್ರದ ಕಾಲವನ್ನು ಚಿತ್ರವೇ ಹೇಳುವುದುಂಟು. ಕೇಸರಿ, ಬಿಳಿ, ಹಸಿರು ಬಾವುಟದ ನಡುವೆ ಚರಕವಿದ್ದರೆ ಅದು 1931ರಲ್ಲಿ ಕಾಂಗ್ರೆಸ್ ಒಪ್ಪಿದ ಧ್ವಜ. 24 ಅರಗಳ ಚಕ್ರವಿದ್ದರೆ 1947ರ ಜುಲೈ 22ರ ನಂತರದ್ದು. ಕನ್ನಡ ನಾಡು ಒಂದೇ ನಕ್ಷೆಯಾಗಿ ರಾಜ್ಯವೆಂಬಂತೆ ಕಂಡರೆ ಏಕೀಕರಣವಾದ 1956ರ ನವೆಂಬರ್ 1ನ್ನು ನೆನೆಯಬೇಕು. ಅಲ್ಲಿಯವರೆಗೆ ಸಿಂದಗಿ ತಾಲ್ಲೂಕಿನ ಯಂಕಂಚಿಯ ಮಕ್ಕಳು ಕನ್ನಡದಲ್ಲೇ ಓದಿದರೂ ಅವರ ವಿಜಯಪುರ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಹಳೆಯ ಚಿತ್ರಕ್ಕೆ ಹೊಸ ಬಾವುಟ ತಿದ್ದಿ ಕ್ಯಾನ್ವಾಸಿಗೆ ಹಾಕಿದರೆ ಈ ಸಾಕ್ಷ್ಯವೇ ಅಳಿಸಿಹೋಗುತ್ತದೆ.

ವ್ಯಕ್ತಿಚಿತ್ರಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಕಿತ್ತೂರು ಚೆನ್ನಮ್ಮ ತೀರಿಕೊಂಡದ್ದು 1829ರಲ್ಲಿ, ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಛಾಯಾಚಿತ್ರಣ ಲೋಕಕ್ಕೆ ಪರಿಚಯವಾದದ್ದು 1839ರಲ್ಲಿ. ಪುಸ್ತಕಗಳಲ್ಲಿ ಕಾಣುವ ಕುದುರೆಯೇರಿದ ರಾಣಿ, ಮೀಸೆ ತಿರುವಿದ ರಾಯಣ್ಣ ಕಲಾವಿದರು ಕಟ್ಟಿಕೊಟ್ಟ ರೂಪಗಳು. ಆ ಕಲ್ಪನೆ ಅಮೂಲ್ಯವಾದದ್ದು. ತಲೆಮಾರುಗಟ್ಟಲೆ ಮಕ್ಕಳ ಕಣ್ಣಲ್ಲಿ ಈ ವೀರರು ನಿಂತದ್ದೇ ಅದರಿಂದ. ಹಾಗಾಗಿ ಅದನ್ನು ಕಲ್ಪಿಸಿದವರ ಹೆಸರಿಗೆ ಗೋಡೆಯ ಮೇಲೂ ಜಾಗ ಸಿಗಬೇಕು.

ಹೆಸರು ಕಳೆದುಹೋಗುವ ಬಗೆ ಕೆಲಸದೊಳಗೇ ಇದೆ. ಕ್ಯಾನ್ವಾಸನ್ನು ಮರದ ಚೌಕಟ್ಟಿಗೆ ಎಳೆದು ಕಟ್ಟುವಾಗ ನಾಲ್ಕೂ ಅಂಚುಗಳಲ್ಲಿ ಒಂದೂವರೆ ಅಂಗುಲದಷ್ಟು ಬಟ್ಟೆ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಚಿತ್ರಗಾರರು ಸಹಿ ಹಾಕುವುದು ಸಾಮಾನ್ಯವಾಗಿ ಕೆಳಗಿನ ಮೂಲೆಯಲ್ಲಿ. ಮಡಿಕೆಗೆಂದು ಬೇರೆ ಅಂಚು ಬಿಡದಿದ್ದರೆ ಸಹಿ ಚೌಕಟ್ಟಿನ ಪಕ್ಕಕ್ಕೆ ಹೊರಳಿ ಮೊಳೆಯ ಕೆಳಗೆ ಸೇರುತ್ತದೆ.

ಗಾತ್ರಕ್ಕೂ ಮಿತಿಯಿದೆ. ಐದು ಅಂಗುಲ ಅಗಲದ ಚಿತ್ರವನ್ನು ಅಂಗುಲಕ್ಕೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 3,000 ಚುಕ್ಕೆ ಸಿಗುತ್ತವೆ. 20 ಅಂಗುಲಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ 150 ಉಳಿಯುತ್ತವೆ. ಮೂರಡಿಗೆ ಹಿಗ್ಗಿಸಿದರೆ 83ಕ್ಕೆ ಇಳಿಯುತ್ತವೆ. ಆಗ ಗೆರೆ ಮಸುಕಾಗುತ್ತದೆ, ಇಲ್ಲವೆ ಹಳೆಯ ಅಚ್ಚಿನ ಬಣ್ಣದ ಚುಕ್ಕೆಗಳು ದಪ್ಪಗೆ ಎದ್ದು ಕಾಣುತ್ತವೆ. ಅವನ್ನು ತಂತ್ರಾಂಶದಲ್ಲಿ ನುಣುಪು ಮಾಡಿದರೆ ಮುದ್ರಣದ ಇತಿಹಾಸವೂ ಜತೆಗೇ ಹೋಗುತ್ತದೆ. ಅಮರ ಚಿತ್ರಕಥೆಯ ಆರಂಭದ ಸಂಚಿಕೆಗಳು ಖರ್ಚಿನ ಕಾರಣಕ್ಕೆ ಹಳದಿ, ನೀಲಿ, ಹಸಿರುಗಳಲ್ಲೇ ಅಚ್ಚಾದವು. ಪೂರ್ಣ ಬಣ್ಣ ತುಂಬಿದ ಕ್ಯಾನ್ವಾಸ್ ಈ ಸಂಗತಿಯನ್ನು ಮರೆಮಾಡುತ್ತದೆ.

ಹಕ್ಕಿನ ಪ್ರಶ್ನೆಯನ್ನೂ ಬದಿಗಿಡುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಹಕ್ಕು ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಅನಾಮಧೇಯ ಚಿತ್ರಕ್ಕಾದರೆ ಪ್ರಕಟಣೆಯಿಂದ 60 ವರ್ಷ. ಸಂಬಳಕ್ಕಿದ್ದು ಬಿಡಿಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದು. ಮೇಲಿನ ಎರಡೂ ಮಾಲೆಗಳ ಚಿತ್ರಗಳನ್ನು ಮುದ್ರಿಸುವ ಮುನ್ನ ಪ್ರಕಾಶಕರ ಅನುಮತಿ ಪಡೆಯುವುದೇ ಸರಿಯಾದ ದಾರಿ.

ಕೆಲಸ ಹಳ್ಳಿ ಶಾಲೆಗಳ ಗ್ರಂಥಾಲಯಗಳಿಂದಲೇ ಶುರುವಾಗಬೇಕು. ಯಂಕಂಚಿಯಂಥ ಊರುಗಳ ಶಾಲಾ ಕಪಾಟುಗಳಲ್ಲಿ ಇಂಥ ಪುಸ್ತಕಗಳಿದ್ದರೆ ಗೆದ್ದಲು ಹತ್ತುವ ಮುನ್ನ ರಕ್ಷಾಪುಟದಿಂದ ಹಿಂಬದಿಯ ಪುಟದವರೆಗೆ ಸ್ಕ್ಯಾನ್ ಮಾಡಿಡಬೇಕು. ಚಿತ್ರವಷ್ಟನ್ನೇ ಕತ್ತರಿಸಿ ತೆಗೆಯಬಾರದು. ಪ್ರತಿ ಕ್ಯಾನ್ವಾಸಿನ ಬೆನ್ನಿಗೆ ಪುಸ್ತಕ, ಲೇಖಕರು, ಚಿತ್ರಗಾರರು, ಪ್ರಕಾಶಕರು, ವರ್ಷ, ಮೂಲ ಅಳತೆ ಇರುವ ಚೀಟಿ ಅಂಟಿಸಬೇಕು. ಚಿತ್ರಗಾರರ ಹೆಸರು ಸಿಗದಿದ್ದರೆ ಆ ಸಾಲನ್ನು ಖಾಲಿ ಬಿಡದೆ, ‘ಪುಸ್ತಕದಲ್ಲಿ ಹೆಸರು ನಮೂದಾಗಿಲ್ಲ’ ಎಂದು ಬರೆಯಬೇಕು. ಮುಂದೆ ಹುಡುಕುವವರಿಗೆ ಅಲ್ಲಿಂದ ಕೆಲಸ ಮುಂದುವರಿಸಲು ಸಾಧ್ಯವಾಗುತ್ತದೆ.