ಗೃಹಸ್ಥನ ವೆಚ್ಚ ಮತ್ತು ಸರ್ಕಾರದ ವೆಚ್ಚ: ಮೈಸೂರಿನ ಮಹಾಕ್ಷಾಮದ ನಿದರ್ಶನ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಗೃಹಸ್ಥನಿಗೆ ಹಿರಿಯರು ಕಲಿಸಿದ ನೀತಿ. ಇದೇ ನೀತಿ ಸರ್ಕಾರಕ್ಕೂ ಸಲ್ಲುತ್ತದೆಂಬ ಭಾವನೆ ಸಾಮಾನ್ಯವಾದುದು. ಅದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸಲು 1876-78ರ ಮಹಾಕ್ಷಾಮ ಮತ್ತು ಅದರ ಅನಂತರದ ಮೈಸೂರಿನ ಹಣಕಾಸಿನ ಚರಿತ್ರೆ ತಕ್ಕ ನಿದರ್ಶನವಾಗಿದೆ.

ಮಳೆ ತಪ್ಪಿದೊಡನೆ ರೈತನು ವೆಚ್ಚವನ್ನು ತಗ್ಗಿಸುವನು. ಬಟ್ಟೆ ಕೊಳ್ಳನು, ಕೂಲಿಯವರನ್ನು ಕರೆಯನು. ಅವನ ಮಟ್ಟಿಗೆ ಇದು ವಿವೇಕವೇ ಸರಿ. ಆದರೆ ಒಬ್ಬನ ವೆಚ್ಚವೇ ಮತ್ತೊಬ್ಬನ ಆದಾಯ. ಎಲ್ಲರೂ ಏಕಕಾಲದಲ್ಲಿ ಕೈ ಬಿಗಿಹಿಡಿದರೆ ನೇಕಾರನಿಗೂ ಕೂಲಿಯವನಿಗೂ ಧಾನ್ಯ ಕೊಳ್ಳಲು ಕಾಸಿಲ್ಲದಾಗುವುದು. ಆಗ ವೆಚ್ಚಮಾಡಬಲ್ಲ ಶಕ್ತಿಯುಳ್ಳದ್ದು ಸರ್ಕಾರವೊಂದೇ.

ಬ್ರಿಟಿಷ್ ಅಧಿಕಾರಿಗಳು ಇದನ್ನು ಪೂರ್ಣವಾಗಿ ಮನಗಾಣಲಿಲ್ಲ. 1877ರಲ್ಲಿ ನೆರೆಯ ಮದರಾಸು ಪ್ರಾಂತದಲ್ಲಿ ಸರ್ ರಿಚರ್ಡ್ ಟೆಂಪಲನು ಮಿತವ್ಯಯಕ್ಕಾಗಿ ಪರಿಹಾರ ಕಾಮಗಾರಿಯ ದಿನಗೂಲಿಯನ್ನು ಒಂದು ಪೌಂಡು ಧಾನ್ಯ ಹಾಗೂ ಅಲ್ಪ ಹಣಕ್ಕೆ ಇಳಿಸಿದನು. ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಮೈಸೂರಿನಲ್ಲಿ 63 ಲಕ್ಷ ರೂಪಾಯಿಗಳ ಉಳಿತಾಯವು ಕರಗಿ 80 ಲಕ್ಷ ರೂಪಾಯಿಗಳ ಸಾಲ ಬೆಳೆಯಿತು. ಆದರೂ 1871ರಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ರೈಲು ಬೆಂಗಳೂರಿನವರೆಗೆ ಮಾತ್ರ ಬರುತ್ತಿದ್ದುದರಿಂದ ಧಾನ್ಯವನ್ನು ಒಳನಾಡಿಗೆ ಗಾಡಿಗಳಲ್ಲಿ ಸಾಗಿಸಬೇಕಾಗಿತ್ತು. ಎತ್ತುಗಳೋ ಮೇವಿಲ್ಲದೆ ಸಾಯುತ್ತಿದ್ದವು. ಕೂಡಿಟ್ಟ ಹಣವು ರೈಲುಹಾದಿಯ ಕೆಲಸವನ್ನು ಆ ಗಳಿಗೆಯಲ್ಲಿ ಮಾಡಲಾರದಷ್ಟೆ.

1881ರಲ್ಲಿ ಅರಸರಿಗೆ ರಾಜ್ಯವು ಹಿಂದಿರುಗಿದಾಗ ದಿವಾನ್ ರಂಗಾಚಾರ್ಲು ಅವರಿಗೆ ದೊರೆತುದು ಈ ಸಾಲದ ಬೊಕ್ಕಸ. ಅವರು ಆಡಳಿತ ವೆಚ್ಚವನ್ನು ಕಠಿಣವಾಗಿ ಕಡಿತಗೊಳಿಸಿದರು. ಸಾಲಗಾರನಾದ ಗೃಹಸ್ಥನು ಇಷ್ಟಕ್ಕೇ ನಿಲ್ಲುತ್ತಿದ್ದನು. ರಂಗಾಚಾರ್ಲು ಅವರಾದರೋ ರೈಲುಹಾದಿಯ ಕೆಲಸವನ್ನು ನಿಲ್ಲಗೊಡಲಿಲ್ಲ. 1882ರಲ್ಲಿ ಮೈಸೂರಿಗೂ, ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1889ರಲ್ಲಿ, ಹರಿಹರಕ್ಕೂ ರೈಲು ತಲುಪಿತು.

ಇದರಿಂದ ಸರ್ಕಾರದ ಸಾಲವೆಲ್ಲವೂ ಸಾಧುವೆಂದು ತೀರ್ಮಾನಿಸಲಾಗದು. ಗೃಹಸ್ಥನು ವ್ಯಯಮಾಡುವುದು ತನ್ನ ದುಡಿಮೆಯನ್ನು; ಸರ್ಕಾರ ವ್ಯಯಮಾಡುವುದು ಪ್ರಜೆಗಳ ದುಡಿಮೆಯನ್ನು. ಸಾಲ ತೀರಿಸುವವರೂ ಪ್ರಜೆಗಳೇ. 1881ರ ಅಕ್ಟೋಬರಿನಲ್ಲಿ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದು ರಾಜ್ಯದ ಹಣಕಾಸಿನ ಸ್ಥಿತಿಯನ್ನು ಅದರ ಮುಂದಿಟ್ಟುದು ಈ ಕಾರಣದಿಂದ ಗಮನಾರ್ಹ. ಸಭೆಗೆ ಆಯವ್ಯಯವನ್ನು ನಿರ್ಣಯಿಸುವ ಅಧಿಕಾರವಿರಲಿಲ್ಲ, ನಿಜ. ಆದರೂ ಲೆಕ್ಕ ಒಪ್ಪಿಸುವ ಪದ್ಧತಿಗೆ ಅದು ನಾಂದಿಯಾಯಿತು. ಆದುದರಿಂದ ಸರ್ಕಾರವು ಎಷ್ಟು ವೆಚ್ಚಮಾಡಿತೆಂಬುದೊಂದೇ ಪ್ರಶ್ನೆಯಲ್ಲ; ಯಾವ ಕಾಲದಲ್ಲಿ, ಯಾವುದಕ್ಕಾಗಿ, ಯಾರಿಗೆ ಲೆಕ್ಕವೊಪ್ಪಿಸಿ ಮಾಡಿತೆಂಬುದನ್ನೂ ಚರಿತ್ರಕಾರನು ವಿಚಾರಿಸಬೇಕು.